ಕಲ್ಲುಕಂಬದ ಗೆರೆಯೂ ನನ್ನ ಇತಿಹಾಸ ಜ್ಞಾನವೂ

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ಬಸ್ಸಿನಲ್ಲಿ ಪಕ್ಕದ ಸೀಟಿನವರು, ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದವರು, ಎಲ್ಲರೂ ಮೊದಲು "ಏನ್ ಕಲಸ್ತೀರಿ ಸರ?" ಎಂದು ವಿಚಾರಿಸುತ್ತಾರೆ. "ಇತಿಹಾಸ" ಎಂದ ಮೇಲೆ ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ "ಅದರಿಂದ ಏನ್ ಉಪಯೋಗ ಅಂತೀರಿ?" ಎನ್ನುತ್ತಾರೆ. ಗಣಿತದ ಮಾಸ್ತರನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಆತನ ಲೆಕ್ಕ ತಪ್ಪಿದರೂ ಆತನ ಮರ್ಯಾದೆ ಕೆಡುವುದಿಲ್ಲ. ನಾನು ಮಾತ್ರ ಸಿಕ್ಕಸಿಕ್ಕವರ ಮುಂದೆ ನನ್ನ ಉದ್ಯೋಗಕ್ಕೆ ಸಮಜಾಯಿಷಿ ಕೊಡುತ್ತ ತಿರುಗಬೇಕು.

ಅದಕ್ಕೆಂದೇ ಒಂದು ಉತ್ತರವನ್ನು ತಯಾರು ಮಾಡಿಟ್ಟುಕೊಂಡಿದ್ದೆ. ಹಿಂದೆ ಏನಾಯಿತೆಂಬುದು ಗೊತ್ತಿದ್ದವನು ಇವತ್ತು ಏನು ಮಾಡಬೇಕೆಂಬುದನ್ನು ತಪ್ಪಿಲ್ಲದೆ ನಿರ್ಧರಿಸುತ್ತಾನೆ, ಎಂಬುದೇ ಆ ಉತ್ತರ. ಪ್ರತಿ ಜೂನ್ ತಿಂಗಳ ಮೊದಲ ಪಿರಿಯಡ್ಡಿನಲ್ಲಿ ಇದನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಎರಡು ಸಲ ಓದಿಸಿ, ಆಮೇಲೆಯೇ ಪಾಠಕ್ಕೆ ಇಳಿಯುತ್ತಿದ್ದೆ. ಮಕ್ಕಳು ನಂಬಿದರು, ಏಕೆಂದರೆ ತಿಂಗಳ ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ ಇಟ್ಟಿದ್ದೆ. ನನ್ನ ಹೆಂಡತಿ ಶಾಂತಾಗೂ ಈ ಮಾತನ್ನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದೆ. ಅವಳಿಗೆ ಅಂಕದ ಆಸೆ ಇರಲಿಲ್ಲವಾದ್ದರಿಂದ ನಂಬಿದಳೋ ಇಲ್ಲವೋ ನನಗೆ ಬಹಳ ವರ್ಷ ಗೊತ್ತಾಗಲಿಲ್ಲ.

ಕಲಿಸಿದ್ದನ್ನು ನಾನು ಬಾಳಿನಲ್ಲಿ ಪಾಲಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಶಾಂತಾಳ ತವರುಮನೆ ಬ್ಯಾಡಗಿ. ಮದುವೆಯಾದ ಹೊಸತರಲ್ಲಿ ಹೋದಾಗ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಮಧ್ಯಾಹ್ನ ಸ್ವಲ್ಪ ಮೋಡ ಕವಿಯಿತು. ಮಾವನವರು ಹೊಸ ಅಳಿಯನ ವಿದ್ಯೆಗೆ ಗೌರವ ಕೊಟ್ಟು "ಏನ್ ಮಾಡೂಣು ಅಳಿಯಂದ್ರ, ಎತ್ತಿಬಿಡೂಣೇನು?" ಎಂದರು. ನಾನು ಅವಸರ ಮಾಡದೆ, ಈ ತಿಂಗಳಲ್ಲಿ ಎಂದಾದರೂ ಮಳೆ ಬಂದದ್ದುಂಟೇ ಎಂದು ಕೇಳಿದೆ. ಅವರು ಯೋಚಿಸಿ, ತಮಗೆ ನೆನಪಿರುವ ಮಟ್ಟಿಗೆ ಇಲ್ಲ ಎಂದರು. "ಹಂಗಾರ ಈಗೂ ಬರೂದಿಲ್ಲ ಬಿಡ್ರಿ" ಎಂದು ಹೇಳಿ ಊಟಕ್ಕೆ ಕುಳಿತೆ. ಹೋಳಿಗೆಯ ಮೇಲೆ ತುಪ್ಪ ಬೀಳುವುದಕ್ಕೂ ಮೆಣಸಿನಕಾಯಿಯ ಮೇಲೆ ಮಳೆ ಬೀಳುವುದಕ್ಕೂ ಸರಿಹೋಯಿತು. ಮನೆಮಂದಿಯೆಲ್ಲ ಎಂಜಲು ಕೈಯಲ್ಲೇ ಎದ್ದು ಚೀಲ ಹಿಡಿದು ಓಡಿದರು, ಹಿಂದೆ ನಾನೂ ಓಡಿದೆ. ಆ ಘಾಟಿಗೆ ನನ್ನ ಕಣ್ಣು ಎರಡು ದಿನ ಸರಿಯಾಗಿ ಬಿಡಲಿಲ್ಲ. ಮಾವನವರು ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ, ಸೀನುತ್ತಿದ್ದರು.

ಹಾವೇರಿಯಲ್ಲಿದ್ದಾಗಿನದು ಇನ್ನೊಂದು. ಶಾಂತಾಗೆ ದಿನ ತುಂಬಿತ್ತು. ಡಾಕ್ಟರರು ಹೇಳಿದ ದಿನವೇ ಹೊಸರಿತ್ತಿಯಲ್ಲಿ ಶಿಕ್ಷಕರದೊಂದು ಶಿಬಿರ. ನಮ್ಮ ಮನೆತನದಲ್ಲಿ ಚೊಚ್ಚಲ ಕೂಸು ಹೇಳಿದ ದಿನಕ್ಕೆ ಹುಟ್ಟಿದ ಉದಾಹರಣೆಯೇ ಇಲ್ಲ, ನಾನೇ ಹತ್ತು ದಿನ ತಡವಾಗಿ ಬಂದವನು ಎಂದು ಅವಳಿಗೆ ವಿವರಿಸಿ ಬಸ್ಸು ಹತ್ತಿದೆ. ಶಿಬಿರದಲ್ಲಿ ನಾನು ಸ್ಥಳೀಯ ಇತಿಹಾಸದ ಮಹತ್ವ ಕುರಿತು ಮಾತಾಡುತ್ತಿದ್ದಾಗ ಮಗಳು ಹುಟ್ಟಿದಳು. ಸುದ್ದಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನನ್ನ ಭಾಷಣಕ್ಕೆ ಎಂದು ತಿಳಿದು ಕೈ ಮುಗಿದೆ. ಮತ್ತೊಮ್ಮೆ, ಹಾವೇರಿಯಿಂದ ಹೊರಡುವ ಒಂದು ಬಸ್ಸು ನಾಲ್ಕು ವರ್ಷದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಿಟ್ಟಿರಲಿಲ್ಲವೆಂಬ ಆಧಾರದ ಮೇಲೆ ಸಾವಕಾಶ ಹೋಗಿ, ಭಾವಮೈದುನನ ಮದುವೆಯ ಅಕ್ಷತೆ ತಪ್ಪಿಸಿಕೊಂಡೆ. ಇವೆಲ್ಲ ಅಪವಾದಗಳು ಎಂದು ನಾನು ಸಮಾಧಾನ ಮಾಡಿಕೊಂಡೆ.

ಹೀಗಿರುವಾಗ, ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ನನಗೆ ಐರಣಿಗೆ ವರ್ಗವಾಯಿತು. ಮಗಳನ್ನು ಓದಿಗಾಗಿ ಬ್ಯಾಡಗಿಯಲ್ಲಿ ಅಜ್ಜನ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಬಂದೆವು. ಸಿಕ್ಕ ಬಾಡಿಗೆ ಮನೆ ತುಂಗಭದ್ರೆಯ ದಂಡೆಗೆ ಹತ್ತಿರದ ಕೆಳಗಿನ ಓಣಿಯಲ್ಲಿತ್ತು. ಆ ಓಣಿಯಲ್ಲಿ ಒಟ್ಟು ಒಂಬತ್ತು ಮನೆ. ಹೆಚ್ಚಿನವರು ಹೊರಗಿನಿಂದ ಬಂದು ನೆಲೆಸಿದವರು. ನಮ್ಮ ಪಕ್ಕದಲ್ಲಿ ಹುಸೇನಸಾಬ ಎಂಬ ಟೇಲರ್, ಆತನ ಹೆಂಡತಿ ಫಾತಿಮಾಬಿ. ಓಣಿಯ ತುದಿಯಿಂದ ಹೊಳೆಗೆ ಇಳಿಯುವ ಮೆಟ್ಟಿಲುಗಳು. ಆ ಮೆಟ್ಟಿಲುಗಳ ಅರ್ಧದಲ್ಲಿ ಹನುಮಪ್ಪನ ಸಣ್ಣ ಗುಡಿ, ಗುಡಿಯ ಮುಂದೆ ಒಂದು ಹಳೆಯ ಕಲ್ಲುಕಂಬ. ಕಂಬದ ಮೇಲೆ ನನ್ನ ಎದೆಯ ಮಟ್ಟಕ್ಕೆ ಅಡ್ಡವಾಗಿ ಕೊರೆದ ಒಂದು ಗೆರೆ ಇತ್ತು.

ಇತಿಹಾಸದ ಮಾಸ್ತರನ ಕಣ್ಣಿಗೆ ಇಂಥ ಗೆರೆ ಬೀಳಬಾರದು. ಬಿದ್ದರೆ ಊರಿಗೆ ಸುಖವಿಲ್ಲ. ಗುಡಿಯ ಪೂಜಾರಿಯನ್ನು ಕೇಳಿದೆ. "ಹೊಳಿ ಬಂದಾಗ ನೋಡೋ ಗೆರಿ ಅಂತ ನಮ್ಮಪ್ಪ ಹೇಳತಿದ್ದ ರೀ. ಅದಕ್ಕಿಂತ ಹೆಚ್ಚಿಂದು ನನಗ ಗೊತ್ತಿಲ್ಲ" ಎಂದ. ನನಗೆ ಅಷ್ಟು ಸಾಕಾಗಿತ್ತು. ಉಳಿದದ್ದನ್ನು ನಾನೇ ತುಂಬಿಕೊಂಡೆ. ಹಿಂದೊಂದು ಕಾಲದಲ್ಲಿ ಮಹಾಪೂರ ಬಂದಿರಬೇಕು, ನೀರು ಇಲ್ಲಿಯವರೆಗೆ ಏರಿ ನಿಂತಿರಬೇಕು, ಮುಂದಿನವರಿಗೆ ತಿಳಿಯಲೆಂದು ಹಿರಿಯರು ಗುರುತು ಕೊರೆಸಿರಬೇಕು. ಮನೆ ಕಟ್ಟುವ ಗೌಂಡಿಯೊಬ್ಬನಿಂದ ನೀರು ತುಂಬಿದ ಪೈಪು ಇಸಿದುಕೊಂಡು, ರವಿವಾರವೆಲ್ಲ ಮಟ್ಟ ಹಿಡಿದು ಅಳೆದೆ. ನಮ್ಮ ಓಣಿಯ ಹೊಸ್ತಿಲುಗಳು ಆ ಗೆರೆಗಿಂತ ಮೂರು ಮೊಳ ಎತ್ತರದಲ್ಲಿದ್ದವು. ಎಂದರೆ ಎಂಥ ಹೊಳೆ ಬಂದರೂ ನಮ್ಮ ಓಣಿಗೆ ನೀರಿಲ್ಲ. ಆ ವರ್ಷದ ಆಗಸ್ಟ್ ಹದಿನೈದರಂದು ಧ್ವಜಾರೋಹಣವಾದ ಮೇಲೆ ಇದನ್ನು ಮುಕ್ಕಾಲು ತಾಸು ವಿವರಿಸಿದೆ. ಊರವರು ತಲೆದೂಗಿದರು. ಹುಸೇನಸಾಬನಂತೂ ಮೇಲಿನ ಪೇಟೆಯಲ್ಲಿದ್ದ ತನ್ನ ಅಂಗಡಿ ಬಿಟ್ಟು, ಹೊಲಿಗೆ ಮಷಿನ್ನನ್ನು ಮನೆಯ ಮುಂದಿನ ಕೋಣೆಗೇ ತಂದಿಟ್ಟುಕೊಂಡ. "ಸರ ಅಳದು ನೋಡ್ಯಾರ, ಇನ್ನೇನ ಅಂಜಿಕಿ?" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅದನ್ನು ಕೇಳಿ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ, ಒಂದು ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಕಂದಾಯ ಇಲಾಖೆಯ ತಲಾಠಿ ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಹಿಂದೆ ಕುಳಿತವನು ಡಂಗುರ ಬಾರಿಸುತ್ತಿದ್ದ. ಮಲೆನಾಡಿನ ಕಡೆ ವಾರದಿಂದ ಮಳೆ ಜಡಿಯುತ್ತಿರುವುದು ಎಲ್ಲರಿಗೂ ಗೊತ್ತಿತ್ತು. "ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಾರ. ಕೆಳಗಿನ ಓಣ್ಯಾವ್ರೆಲ್ಲ ಸಂಜಿಯೊಳಗ ಹೈಸ್ಕೂಲಿಗೆ ಹೋಗಬೇಕ್ರೆಪಾ" ಎಂದು ಸಾರಿದರು. ಓಣಿಯ ಗಂಡಸರೆಲ್ಲ ಬಂದು ನಮ್ಮ ಕಟ್ಟೆಯ ಮುಂದೆ ನಿಂತರು. ಹೋದ ವರ್ಷವೂ ಹೀಗೇ ಸಾರಿದ್ದರಂತೆ. ಎಲ್ಲರೂ ಗಂಟುಮೂಟೆ ಹೊತ್ತು ಹೋಗಿ ಎರಡು ದಿನ ಬೆಂಚಿನ ಮೇಲೆ ಮಲಗಿ ಬಂದರೆ ಹೊಳೆ ಕೆಳಗಿನ ಮೆಟ್ಟಿಲನ್ನೂ ದಾಟಿರಲಿಲ್ಲವಂತೆ. ನಾನು ಆಗ ರಜೆಯ ಮೇಲೆ ಊರಲ್ಲಿರಲಿಲ್ಲ.

ನಾನು ತಲಾಠಿಯವರಿಗೆ ಗೆರೆಯ ವಿಷಯ ಹೇಳಿದೆ. ಅವರು ಸಹನೆಯಿಂದ ಕೇಳಿ, "ಸರ, ನನಗ ಗೆರಿ-ಗಿರಿ ಗೊತ್ತಿಲ್ಲ. ಆರ್ಡರ್ ಬಂದೈತಿ, ಹೇಳೇನಿ. ಇನ್ನ ನಾಕ ಊರಿಗೆ ಹೋಗಬೇಕು. ನೀವು ಓದಿದಾವ್ರು, ಇವರಿಗೆ ನೀವ ತಿಳಿಸಿ ಹೇಳ್ರಿ" ಎಂದು ಗಾಡಿ ಚಾಲೂ ಮಾಡಿದರು. ಡಂಗುರದ ಸದ್ದು ದೂರವಾಯಿತು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಹುಸೇನಸಾಬ "ಏನ್ ಮಾಡೂಣ್ರಿ ಸರ? ಮಷಿನ್ ಎತ್ತಲೋ ಬ್ಯಾಡೋ?" ಎಂದ.

ನಾನು ಗಂಟಲು ಸರಿಮಾಡಿಕೊಂಡೆ. ಆ ಕ್ಷಣದಲ್ಲಿ "ನನಗೂ ಖಾತ್ರಿ ಇಲ್ಲಪ್ಪಾ, ಯಾವುದಕ್ಕೂ ಹೋಗಿಬಿಡೋಣ" ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮುಕ್ಕಾಲು ತಾಸು ಭಾಷಣ ಮಾಡಿದವನಿಗೆ ಆ ಮಾತು ಬಾಯಿಗೆ ಬರುವುದಿಲ್ಲ. "ನೀರು ಗೆರಿ ದಾಟೂದಿಲ್ಲ. ಎಲ್ಲಾರೂ ಆರಾಮ ಇರ್ರಿ" ಎಂದೆ. ಎಲ್ಲರೂ ಉಸಿರುಬಿಟ್ಟು ತಂತಮ್ಮ ಕೆಲಸಕ್ಕೆ ಹೋದರು. ಅವರಿಗೂ ಬೇಕಾಗಿದ್ದದ್ದು ಅದೇ ಮಾತು.

ಆಗ ಮನೆಯೊಳಗಿನಿಂದ ಜೋಳ ಸುರಿಯುವ ಸದ್ದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಶಾಂತಾ ಡಬ್ಬಿಯ ಜೋಳವನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು. ಹಾಸಿಗೆ ಆಗಲೇ ಸುತ್ತಿ ಕಟ್ಟಿಯಾಗಿತ್ತು. ಗೋಡೆಯ ದೇವರ ಫೋಟೋಗಳು ಬುಟ್ಟಿಯಲ್ಲಿ ಕುಳಿತಿದ್ದವು.

"ಏನ ಮಾಡಾಕತ್ತೀ?" ಎಂದೆ.

"ಜ್ವಾಳಾ ತುಂಬಾಕತ್ತೇನ್ರಿ."

"ನಾ ಹೊರಗ ಹೇಳಿದ್ದು ಕೇಳಿಸ್ಲಿಲ್ಲೇನು? ನೀರು ಬರೂದಿಲ್ಲ."

"ಕೇಳಿಸ್ತು. ಅದಕ್ಕ ಲಗೂ ಲಗೂ ತುಂಬಾಕತ್ತೇನಿ."

ಅವಳ ಈ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ, ಸಿಟ್ಟು ಮಾತ್ರ ಬಂತು. ಉಳಿದ ಎಂಟು ಮನೆಯವರು ನನ್ನ ಮಾತು ನಂಬಿ ಕೂತಿರುವಾಗ ನನ್ನ ಮನೆಯೊಳಗೇ ಗಂಟು ಕಟ್ಟುವುದೆಂದರೇನು? ಮೂಲೆಯಲ್ಲಿ ನನ್ನ ಕಬ್ಬಿಣದ ಟ್ರಂಕು ಇತ್ತು. ಇಪ್ಪತ್ತು ವರ್ಷದ ಟಿಪ್ಪಣಿ, ಅಳತೆಯ ಹಾಳೆ, ಕಂಬದ ಗೆರೆಯ ಬಗ್ಗೆ ಬರೆದಿಟ್ಟ ನಲವತ್ತು ಪುಟದ ಲೇಖನ, ಎಲ್ಲ ಅದರಲ್ಲೇ. ಹೋಗಿ ಅದರ ಮೇಲೆ ಕುಳಿತುಬಿಟ್ಟೆ. "ನಿನ್ನವು ಏನ ಬೇಕಾದ್ದು ಒಯ್ಯಿ. ಇದನ್ನ ಮಾತ್ರ ಮುಟ್ಟಬ್ಯಾಡ. ಇದು ಇಲ್ಲೇ ಇರತೈತಿ, ನಾನೂ ಇಲ್ಲೇ ಇರತೇನಿ" ಎಂದೆ.

"ಆತ್ರಿ" ಎಂದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಜಗಳಕ್ಕೆ ತಯಾರಾಗಿ ಕುಳಿತವನ ಎದುರು ಹೀಗೆ ಒಪ್ಪಿಕೊಳ್ಳುವವರಿಗೆ ಏನು ಹೇಳುವುದು? ಸ್ವಲ್ಪ ಹೊತ್ತು ಟ್ರಂಕಿನ ಮೇಲೆ ಕುಳಿತೆ. ಮುಚ್ಚಳದ ಚಿಲಕ ಚುಚ್ಚುತ್ತಿತ್ತು. ಕೊನೆಗೆ ಎದ್ದು ಹೊಳೆಯ ಕಡೆ ನಡೆದೆ.

ಖರೇ ಹೇಳಬೇಕೆಂದರೆ, ಮೆಟ್ಟಿಲ ತುದಿಯಲ್ಲಿ ನಿಂತು ಹೊಳೆಯನ್ನು ನೋಡಿದಾಗ ನನಗೂ ಅಂಜಿಕೆಯಾಯಿತು. ನಿನ್ನೆ ದೂರದಲ್ಲಿ ಹರಿಯುತ್ತಿದ್ದ ನೀರು ಮೆಟ್ಟಿಲಿನ ಬುಡಕ್ಕೆ ಬಂದಿತ್ತು. ಕೆಂಪು ನೀರು, ಸಿಂಬೆ ಸಿಂಬೆ ಸುಳಿ. ಬೇರುಸಹಿತ ಒಂದು ಮರ ಹೋಯಿತು, ಹಿಂದೆಯೇ ಒಂದು ಮಂಚ ಹೋಯಿತು. ಯಾರ ಮನೆಯ ಮಂಚವೋ, ಅವರಿಗೂ ಯಾರಾದರೂ ಮಾಸ್ತರು ಧೈರ್ಯ ಹೇಳಿದ್ದರೋ ಏನೋ. ಮನೆಗೆ ಹೋಗಿ ಅರ್ಧ ತಾಸಿಗೆ ಮತ್ತೆ ಬಂದೆ. ಎರಡು ಮೆಟ್ಟಿಲು ಮುಳುಗಿದ್ದವು. ಮತ್ತೆ ಬಂದಾಗ ನಾಲ್ಕು. ನಾನು ಹೋದಾಗಲೆಲ್ಲ ಹೊಳೆ ಒಂದಿಷ್ಟು ಏರುತ್ತಿತ್ತು, ಹಾಗಾಗಿ ಹೋಗುವುದೇ ಬೇಡವೆಂದು ಎಲೆಅಡಿಕೆ ಅಂಗಡಿಯ ಮುಂದೆ ಕುಳಿತು ಪೇಪರು ಓದಿದೆ. ಒಂದೇ ಸುದ್ದಿಯನ್ನು ಎಷ್ಟು ಸಲ ಓದಿದರೂ ಅದು ಯಾವ ಊರಿನದೆಂದು ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹಸಿವೆ ಇರಲಿಲ್ಲ. ಮನೆಗೆ ಹೋದರೆ ಶಾಂತಾಳ ಮುಖ ನೋಡಬೇಕು, ಆದ್ದರಿಂದ ನೇರ ಗುಡಿಗೆ ಹೋದೆ. ನೀರು ಕಂಬದ ಬುಡ ಹಿಡಿದಿತ್ತು. ನಾನು ಮೇಲಿನ ಮೆಟ್ಟಿಲಿನ ಮೇಲೆ ಕುಳಿತು ಗೆರೆಯನ್ನೇ ನೋಡತೊಡಗಿದೆ. ಒಂದು ಮೊಳ ಬಾಕಿ. ಒಂದು ಗೇಣು ಬಾಕಿ. ನಾಲ್ಕು ಬೆರಳು ಬಾಕಿ. ಹನುಮಪ್ಪನ ಗುಡಿಯೊಳಗೆ ನೀರು ಹೊಕ್ಕಿತ್ತು, ಆತನ ಕಾಲು ಕಾಣುತ್ತಿರಲಿಲ್ಲ. ಒಂಬತ್ತು ಮನೆ, ಫಾತಿಮಾಬಿಯ ಕೋಳಿಗಳು, ಹುಸೇನಸಾಬನ ಮಷಿನ್ನು, ತುದಿಮನೆಯಲ್ಲಿ ನಡೆಯಲಾರದ ಒಬ್ಬ ಮುದುಕಿ, ಎಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿದ್ದವು. ಪಾಠ ಮಾಡುವಾಗ ರಾಜರ ತಪ್ಪುಗಳನ್ನು ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ. ಆ ರಾಜರ ಮೇಲೆ ಜೀವನದಲ್ಲಿ ಮೊದಲ ಸಲ ಕನಿಕರ ಬಂತು.

ನೀರು ಗೆರೆಯನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ನಾನು ಕಣ್ಣು ತಿಕ್ಕಿ ನೋಡಿದೆ. ನಿಂತದ್ದು ಖರೇ. ಐದು ನಿಮಿಷ, ಹತ್ತು ನಿಮಿಷ, ಗೆರೆಯ ಮೇಲೆ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಹಿರಿಯರು, ಎಂಥ ಗೆರೆ, ಮತ್ತು ನನ್ನ ಬಾಯಿಂದಲೇ ಹೇಳಬಾರದು, ಎಂಥ ಮಾಸ್ತರ! ಓಣಿಯವರನ್ನು ಕರೆದು ತೋರಿಸೋಣವೆಂದು ಎದ್ದು ತಿರುಗಿದರೆ ಹಿಂದೆ ಒಬ್ಬ ಮುದುಕ ಕೋಲೂರಿ ನಿಂತಿದ್ದ. ದುರಗಪ್ಪ, ಸೇತುವೆ ಆಗುವ ಮೊದಲು ಇದೇ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ. ಸೇತುವೆಯಾದ ಮೇಲೆ ಕೆಲಸವಿಲ್ಲದೆ ಹೊಸರಿತ್ತಿಯ ಮಗಳ ಮನೆ ಸೇರಿದ್ದನೆಂದು ಕೇಳಿದ್ದೆ, ಒಮ್ಮೆ ಜಾತ್ರೆಯಲ್ಲಿ ನೋಡಿಯೂ ಇದ್ದೆ. ಹೊಳೆ ಬಂದಿದೆಯೆಂದು ಸುದ್ದಿ ಕೇಳಿ ಸುಮ್ಮನೆ ಕೂರಲಾರದೆ ಬಸ್ಸು ಹತ್ತಿ ಬಂದಿದ್ದ.

"ಇಲ್ಯಾಕ ನಿಂತೀರಿ ಮಾಸ್ತರ್ರ?" ಎಂದ.

"ನೋಡಜ್ಜಾ, ನೀರು ಗೆರಿ ತನಕ ಬಂದು ನಿಂತೈತಿ. ಹಿಂದಿನ ದೊಡ್ಡ ಹೊಳಿನೂ ಇಲ್ಲಿ ತನಕ ಬಂದಿತ್ತಲ್ಲಾ!"

ಮುದುಕ ನನ್ನ ಮುಖ ನೋಡಿದ, ಕಂಬ ನೋಡಿದ. "ಹಂಗಂತ ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ಎಲ್ಲರಿಗೂ ಹೇಳಿದ್ದೆ.

"ಆ ಗೆರಿ ಕೊರದಾವ ನಮ್ಮ ಮುತ್ಯಾ ರೀ. ನೀರು ಗೆರಿ ಮುಟ್ಟಿತಂದ್ರ ಹರಗೋಲ ಹೊರಗ ಎಳದು ಬೋರಲ ಹಾಕಬೇಕು, ಕೆಳಗಿನ ಓಣ್ಯಾವ್ರು ಒಲಿ ಆರಿಸಿ ಮ್ಯಾಲ ನಡೀಬೇಕು. ಅದು ನಮ್ಮ ಕಟ್ಟಳಿ. ಇಲ್ಲೆ ಒಂದೀಟು ನಿಂತಂಗ ಮಾಡತಾಳ್ರಿ ಹೊಳೆವ್ವ, ಆಚೆ ದಂಡಿ ಹೊಲಕ್ಕ ನೀರು ಹಾಯೂತನಕ. ಆ ಹೊಲ ತುಂಬಿತಂದ್ರ ಒಮ್ಮೆಲೆ ಏರತಾಳ."

"ಏರಿದ್ರ ಎಲ್ಲಿ ತನಕ ಬರತಿತ್ತಜ್ಜಾ?"

"ಯಾರಿಗೊತ್ರಿ? ನೋಡಾಕ ಇಲ್ಲಿ ಯಾರ ಇರತಿದ್ರು?"

ಆತ ಇಷ್ಟು ಹೇಳುವಷ್ಟರಲ್ಲಿ ನಾನು ಕಂಬದ ಕಡೆ ನೋಡಿದೆ. ಗೆರೆ ಇರಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. ಆ ಕೂಡಲೇ ನಾನು ಓಡಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ನಾನು ಓಡಲಿಲ್ಲ. ಹತ್ತು ಉಸಿರಿನಷ್ಟು ಹೊತ್ತು ನಿಂತಲ್ಲೇ ನಿಂತು, ಇದನ್ನು ಓಣಿಯವರಿಗೆ ಹೇಗೆ ಹೇಳುವುದು ಎಂದು ಯೋಚಿಸಿದೆ. "ಈಗ ದೊರೆತ ಹೊಸ ಆಧಾರದ ಪ್ರಕಾರ" ಎಂದು ಶುರು ಮಾಡಿದರೆ ಹೇಗೆ ಎಂಬಲ್ಲಿಗೆ ನನ್ನ ಯೋಚನೆ ಬಂದಿತ್ತು. ದುರಗಪ್ಪ ಕೋಲಿನಿಂದ ನನ್ನ ಮೀನಖಂಡಕ್ಕೆ ತಿವಿದು "ನಡೀರಿ ಮಾಸ್ತರ್ರ!" ಎಂದಾಗ ಎಚ್ಚರವಾಯಿತು. ಆತ ಮೇಲಿನ ಪೇಟೆಯ ಹಾದಿ ಹಿಡಿದ, ನಾನು ಓಣಿಯ ಕಡೆ ಓಡಿದೆ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು.

ಓಣಿಗೆ ಬಂದು ನೋಡಿದರೆ ಎಲ್ಲ ಬಾಗಿಲಿಗೂ ಬೀಗ. ಒಂದು ಮಾತಿಲ್ಲ, ಒಂದು ಹೊಗೆಯಿಲ್ಲ, ಕೋಳಿಗಳ ಸದ್ದೂ ಇಲ್ಲ. ನನ್ನ ಮನೆಗೂ ಬೀಗ. ಹುಸೇನಸಾಬನ ಬಾಗಿಲು ಮಾತ್ರ ತೆರೆದಿತ್ತು. ಆತ ಒಬ್ಬನೇ ಮಷಿನ್ನಿನ ಮುಂದೆ, ಅರ್ಧ ಹೊಲಿದ ಶರ್ಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಉಳಿದಾವ್ರು ಎಲ್ಲಿ?" ಎಂದು ಒದರಿದೆ.

"ಸಾಲಿಗೆ ಹೋದ್ರು ಸರ. ಹೆಣ್ಮಕ್ಕಳು ಮೊದಲ ಹೋದ್ರು, ಗಂಡಸರು ಹಿಂದಿಂದ ಹೋದ್ರು. ಮುದುಕೀನ ಹೊರಸಿನ ಮ್ಯಾಲ ಹೊತಗೊಂಡು ಹೋದ್ರು. ನಮ್ಮಾಕಿನೂ ಕೋಳಿ ಹಿಡಕೊಂಡು ಹೋದ್ಲು. ನೀವು ಹೇಳೀರಲ್ಲಾ ಅಂತ ನಾ ಒಬ್ಬಾವ ಕುಂತೇನಿ."

ಜಗತ್ತಿನಲ್ಲಿ ನನ್ನ ಇತಿಹಾಸ ಜ್ಞಾನದ ಮೇಲೆ ಭರವಸೆ ಇಟ್ಟು ಉಳಿದಿದ್ದವನು ಆತ ಒಬ್ಬನೇ. "ಹುಸೇನಸಾಬ, ನಂದು ತಪ್ಪಾತು. ಗೆರಿ ಮುಳುಗೇತಿ. ಅದು ಬ್ಯಾರೆ ಗೆರಿ" ಎಂದೆ.

ಆತ ಚಂಗನೆ ಎದ್ದ. "ಅದನ್ನ ಆಮ್ಯಾಲ ಹೇಳ್ರಿ ಸರ. ಆ ಕಡಿ ಹಿಡೀರಿ."

ಹೊಲಿಗೆ ಮಷಿನ್ನಿನ ಕೆಳಗಿನ ಕಬ್ಬಿಣದ ಸ್ಟ್ಯಾಂಡು ಎಷ್ಟು ಭಾರ ಇರುತ್ತದೆಂಬುದು ಎತ್ತಿದವರಿಗೇ ಗೊತ್ತು. ಬಾಗಿಲು ದಾಟುವಾಗ ಪಾದಕ್ಕೆ ತಣ್ಣಗೆ ನೀರು ತಾಗಿತು. ಓಣಿಯ ತಿರುವಿನಲ್ಲಿ ನನ್ನ ಬೆರಳು ಜಾರಿ ಸ್ಟ್ಯಾಂಡು ಕಾಲಿನ ಮೇಲೆ ಕುಳಿತಿತು. ಇಳಿಸಿ ಉಸಿರಾಡಿಕೊಳ್ಳೋಣವೆಂದು ಹಿಂದೆ ನೋಡಿದರೆ ಕೆಂಪು ನೀರು ಕಸಕಡ್ಡಿಗಳನ್ನು ಮುಂದೆ ದಬ್ಬಿಕೊಂಡು ನಮ್ಮ ಹಿಂದೆಯೇ ಓಣಿ ಹತ್ತಿ ಬರುತ್ತಿತ್ತು. ಅವಸರವಿಲ್ಲದೆ, ಪ್ರತಿ ಮನೆಯ ಹೊಸ್ತಿಲನ್ನೂ ವಿಚಾರಿಸಿಕೊಂಡು ಬರುತ್ತಿತ್ತು. ಮೊಣಕಾಲಿಗೆ ಬಂದಾಗ ಹುಸೇನಸಾಬ "ಯಾ ಅಲ್ಲಾ" ಎಂದ, ನಾನು "ಹನುಮಪ್ಪಾ" ಎಂದೆ, ಇಬ್ಬರೂ ಒಂದೇ ಉಸಿರಿಗೆ ಎತ್ತಿದೆವು. ಮೇಲಿನ ಪೇಟೆಯ ಏರು ಹತ್ತುವವರೆಗೆ ಮತ್ತೆ ಇಳಿಸಲಿಲ್ಲ. ಆಗ ನನಗೆ ನನ್ನ ಟ್ರಂಕಿನ ನೆನಪೇ ಇರಲಿಲ್ಲ ಎಂಬುದನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದಾದ ಒಂದೇ ಮಾತೆಂದು ಇಲ್ಲಿ ಬರೆಯುತ್ತೇನೆ.

ಹೈಸ್ಕೂಲಿನಲ್ಲಿ ನಾನು ಪಾಠ ಮಾಡುವ ಒಂಬತ್ತನೆಯ ಕ್ಲಾಸಿನ ಕೋಣೆಯಲ್ಲೇ ಒಲೆ ಹೂಡಿದ್ದರು. ಮುದುಕಿ ಮೇಜಿನ ಪಕ್ಕ ಹೊರಸಿನ ಮೇಲೆ ಮಲಗಿದ್ದಳು. ಕೋಳಿಗಳು ಕೊನೆಯ ಬೆಂಚಿನ ಕೆಳಗೆ. ಬೋರ್ಡಿನ ಮೇಲೆ ಜೂನ್ ತಿಂಗಳಲ್ಲಿ ನಾನು ಬರೆದ ವಾಕ್ಯದ ಅರ್ಧ ಇನ್ನೂ ಅಳಿಯದೆ ಉಳಿದಿತ್ತು. ಅದರ ಕೆಳಗೆ ಶಾಂತಾ ರೊಟ್ಟಿ ಬಡಿಯುತ್ತಿದ್ದಳು. ಗಂಡಸರು ನನ್ನನ್ನು ನೋಡಿ ಮುಖ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಹೋಗಿ ಶಾಂತಾಳ ಪಕ್ಕದಲ್ಲಿ ಕುಳಿತೆ. "ಇವರನ್ನೆಲ್ಲ ಯಾರ ಕರಕೊಂಡು ಬಂದ್ರು?" ಎಂದು ಮೆಲ್ಲಗೆ ಕೇಳಿದೆ.

ಉತ್ತರ ಕೊಟ್ಟವಳು ಫಾತಿಮಾಬಿ. "ಊಟದ ಹೊತ್ತಿಗೆ ನಾವೆಲ್ಲ ಅಕ್ಕಾರನ್ನ ಕೇಳಾಕ ಹೋಗಿದ್ವಿ ರೀ ಸರ. ಮಾಸ್ತರು ಏನಂತಾರ್ರಿ ಅಂದ್ವಿ. ನೀರು ಬರೂದಿಲ್ಲ ಅಂತಾರ ಅಂದ್ರು. ಹಂಗಾದ್ರ ಏನ್ ಮಾಡೂಣ್ರಿ ಅಂದ್ವಿ. ಹಂಗಾದ್ರ ಹೋಗೂಣು ಅಂದ್ರು."

ನಾನು ಶಾಂತಾಳನ್ನು ನೋಡಿದೆ. ಅವಳು ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ನೀವ ಹೇಳಿದ್ದು ಮಾಡೇನ್ರಿ" ಎಂದಳು. "ಹಿಂದ ಏನಾತು ಅಂತ ನೋಡಿ ಇವತ್ತಿಂದು ತಿಳಕೋಬೇಕು ಅಂತೀರಲ್ಲಾ. ನಾ ನೋಡಿದೆ. ಬ್ಯಾಡಗ್ಯಾಗ ಮಳಿ ಬರೂದಿಲ್ಲ ಅಂದ್ರಿ, ಬಂತು. ಕೂಸು ಇವತ್ತು ಹುಟ್ಟೂದಿಲ್ಲ ಅಂದ್ರಿ, ಹುಟ್ಟಿತು. ಬಸ್ಸು ಬಿಟ್ಟಿರೂದಿಲ್ಲ ಅಂದ್ರಿ, ಬಿಟ್ಟಿತ್ತು. ಇಪ್ಪತ್ತು ವರ್ಷದಾಗ ಒಮ್ಮೆನೂ ತಪ್ಪಿಲ್ಲ. ನೀವು ಅಷ್ಟ ಖಾತ್ರಿ ಮಾಡಿ ನೀರು ಬರೂದಿಲ್ಲ ಅಂದ ಮ್ಯಾಲ ನನಗ ಕೈಕಾಲ ಆಡಲಿಲ್ಲ."

ಫಾತಿಮಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಸಿನ ಮೇಲಿದ್ದ ಮುದುಕಿ ಮಾತ್ರ ಗಟ್ಟಿಯಾಗಿಯೇ ನಕ್ಕಳು. ಒಬ್ಬೊಬ್ಬರಾಗಿ ಗಂಡಸರೂ ನಕ್ಕರು. ಕೊನೆಗೆ ಶಾಂತಾ ಒಂದು ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ನನ್ನ ಕೈಗಿಟ್ಟು, ನನ್ನ ಒದ್ದೆ ಬಟ್ಟೆಯನ್ನೂ ಚಪ್ಪಲಿಯಿಲ್ಲದ ಕಾಲನ್ನೂ ನೋಡಿದಳು. ಮಧ್ಯಾಹ್ನದಿಂದ ನಾನು ಎಲ್ಲಿದ್ದೆನೆಂದು ಅವಳಿಗೆ ಗೊತ್ತಿರಲಿಲ್ಲ ಎಂಬುದು ಆಗ ನೆನಪಾಯಿತು. ಚಟ್ನಿಯ ಖಾರ ಎಂದು ಹೇಳಿ ಕಣ್ಣು ಒರೆಸಿಕೊಂಡೆ.

"ನನ್ನ ಟ್ರಂಕು?" ಎಂದೆ, ಆಮೇಲೆ.

"ನೀವ ಮುಟ್ಟಬ್ಯಾಡ ಅಂದಿದ್ರಿ" ಎಂದಳು.

ಮೂರು ದಿನ ಕಳೆದು ನೀರು ಇಳಿಯಿತು. ನಮ್ಮ ಮನೆಯ ಗೋಡೆಯ ಮೇಲೆ ಸೊಂಟದ ಮಟ್ಟಕ್ಕೆ ಕೆಸರಿನ ಗೆರೆ ಬಿದ್ದಿತ್ತು. ಟ್ರಂಕು ಇಟ್ಟಲ್ಲೇ ಇತ್ತು. ಅದರ ಮೇಲೆ ನಾನು ಹಾಕಿದ ಬೀಗ ಎಷ್ಟು ಭದ್ರವಾಗಿತ್ತೆಂದರೆ ಒಳಗೆ ಹೊಕ್ಕ ನೀರಿಗೆ ಹೊರಗೆ ಬರಲು ಆಗಿರಲಿಲ್ಲ. ಇಪ್ಪತ್ತು ವರ್ಷದ ಇತಿಹಾಸ ನೀಲಿ ಗಂಜಿಯಾಗಿತ್ತು. ಅದನ್ನು ಅಂಗಳಕ್ಕೆ ಸುರಿಯುವಾಗ ದುರಗಪ್ಪ ಬಂದ. "ಮಾಸ್ತರ್ರ, ಒಂದ ಕೆಲಸ ಮಾಡ್ರಿ. ಕಂಬದ ಮ್ಯಾಲ ಅದು ಯಾತರ ಗೆರಿ ಅಂತ ಬರದ್ಬಿಡ್ರಿ. ನಾ ಹ್ವಾದ ಮ್ಯಾಲ ಮತ್ತೊಬ್ಬ ಮಾಸ್ತರು ಬಂದ್ರ ಏನ್ ಗತಿ?" ಎಂದ. ಕೆಂಪು ಬಣ್ಣ ತಂದು, ಗೆರೆಯ ಪಕ್ಕದಲ್ಲಿ "ನೀರು ಇಲ್ಲಿಗೆ ಬಂದರೆ ಕೆಳಗಿನ ಓಣಿಯವರು ಮೇಲಕ್ಕೆ ಹೋಗುವುದು" ಎಂದು ಬರೆದೆ. ನನ್ನ ನಲವತ್ತು ಪುಟದ ಲೇಖನದಲ್ಲಿ ಇಷ್ಟು ಉಪಯೋಗದ ಒಂದು ಸಾಲೂ ಇರಲಿಲ್ಲ.

ಮುಂದೆ ಎರಡು ವರ್ಷಕ್ಕೆ ರಾಣೆಬೆನ್ನೂರಿಗೆ ವರ್ಗವಾಗಿ ಬಂದೆವು. ಇಲ್ಲಿ ನಾಲ್ಕು ಮನೆಗಳ ವಠಾರ. ಎಲ್ಲರಿಗೂ ಸೇರಿ ಒಂದು ಮಾಳಿಗೆ. ಮೊನ್ನೆ ಬೇಸಿಗೆಯಲ್ಲಿ ನಾಲ್ಕೂ ಮನೆಯ ಹೆಂಗಸರು ಸೇರಿ ಮಾಳಿಗೆಯ ತುಂಬ ಹಪ್ಪಳ ಸಂಡಿಗೆ ಹಾಕಿದ್ದರು. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸಂಜೆಗೆ ಸ್ವಲ್ಪ ಮೊದಲು ಗಾಳಿ ಎದ್ದಿತು. ಶಾಂತಾ ಬಾಗಿಲಲ್ಲಿ ನಿಂತು, "ಏನ್ರೀ, ಮಳಿ ಬರತದೇನು?" ಎಂದು ಕೇಳಿದಳು. ನಾನು ತಲೆ ಎತ್ತಿ ಆಕಾಶ ನೋಡಿದೆ. ಮೋಡ ಇತ್ತು, ಆದರೆ ಅದು ಗುತ್ತಲದ ಕಡೆ ಸರಿಯುತ್ತಿತ್ತು. ಹೋದ ವರ್ಷವೂ ಇದೇ ದಿನಗಳಲ್ಲಿ ಹೀಗೆಯೇ ಸರಿದುಹೋದದ್ದು ನನಗೆ ಚೆನ್ನಾಗಿ ನೆನಪಿತ್ತು.

"ಇಲ್ಲ, ಬರೂದಿಲ್ಲ" ಎಂದೆ.

ಪಕ್ಕದ ಮನೆಯ ಕಿಟಕಿಯಿಂದ "ಸರ ಏನಂದ್ರು ರೀ ಅಕ್ಕಾರ?" ಎಂಬ ದನಿ ಬಂತು.

"ಬರೂದಿಲ್ಲಂತ!" ಎಂದು ಶಾಂತಾ ಕೂಗಿ ಹೇಳಿದಳು.

ನಾಲ್ಕೂ ಮನೆಯ ಹೆಂಗಸರು ಬುಟ್ಟಿ ಹಿಡಿದುಕೊಂಡು ದಡದಡನೆ ಮಾಳಿಗೆ ಹತ್ತಿದರು. ನಾನೂ ಉತ್ತರ ಪತ್ರಿಕೆಗಳನ್ನು ಎತ್ತಿಕೊಂಡು ಒಳಗೆ ಬಂದೆ.